ಮನೆಯ ಹೊರಗೋಡೆಗೆ ಬಣ್ಣ ಹಚ್ಚುವ ಮುನ್ನ: ಒತ್ತಡದ ನೀರಿನಿಂದ ಗೋಡೆ ತೊಳೆಯುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿ ಪಟ್ಟಣ ಹಾಗೂ ಸುತ್ತಮುತ್ತಲಿನ ಹಿರೇಕೆರೂರು, ಹಾನಗಲ್, ಶಿಗ್ಗಾಂವಿ ಮತ್ತು ಸವಣೂರು ಭಾಗದ ಗ್ರಾಮಗಳಲ್ಲಿ ದಸರೆ, ದೀಪಾವಳಿ ಹಾಗೂ ಯುಗಾದಿ ಹಬ್ಬಗಳಿಗೆ ಮುಂಚಿತವಾಗಿ, ಮತ್ತು ಮನೆಯಲ್ಲಿ ಮದುವೆ ಮುಂತಾದ ಶುಭಕಾರ್ಯಗಳು ನಿಶ್ಚಯವಾದಾಗ, ಮನೆಗೆ ಸುಣ್ಣಬಣ್ಣ ಮಾಡಿಸುವುದು ಹಿಂದಿನಿಂದಲೂ ನಡೆದುಬಂದ ಪದ್ಧತಿಯಾಗಿದೆ. ಮೊದಲು ಕೈಪೊರಕೆ, ತೆಂಗಿನ ನಾರು ಮತ್ತು ಬಕೆಟ್ ನೀರಿನಿಂದ ನಡೆಯುತ್ತಿದ್ದ ಗೋಡೆ ಸ್ವಚ್ಛತೆಯ ಕೆಲಸಕ್ಕೆ ಇತ್ತೀಚಿನ ವರ್ಷಗಳಲ್ಲಿ ಒತ್ತಡದ ನೀರಿನ ಯಂತ್ರಗಳು, ಅಂದರೆ ಪ್ರೆಷರ್ ವಾಷರ್‌ಗಳು ಬಳಕೆಗೆ ಬಂದಿವೆ. ವಾಹನ ತೊಳೆಯುವ ಸರ್ವಿಸಿಂಗ್ ಕೇಂದ್ರಗಳಲ್ಲಿ ಎಲ್ಲರೂ ಕಂಡಿರುವ ಯಂತ್ರವೇ ಇದಾಗಿದ್ದು, ಇದರ ಸಣ್ಣ ಮಾದರಿಗಳು ಮನೆಬಳಕೆಗೂ ದೊರೆಯುತ್ತವೆ.

ಸರಿಯಾದ ಗೋಡೆಗೆ, ಸರಿಯಾದ ಕಾಲದಲ್ಲಿ ಬಳಸಿದಲ್ಲಿ ಈ ಯಂತ್ರವು ಸಮಯವನ್ನೂ ನೀರನ್ನೂ ಉಳಿಸುತ್ತದೆ. ಆದರೆ ನಮ್ಮ ಭಾಗದ ಎಲ್ಲ ಗೋಡೆಗಳೂ ಇದನ್ನು ತಾಳಿಕೊಳ್ಳುವ ಗೋಡೆಗಳಲ್ಲ. ಹೊರನೋಟಕ್ಕೆ ಸಿಮೆಂಟಿನದಾಗಿ ಕಾಣುವ ಅನೇಕ ಮನೆಗಳ ಒಳಗೆ ಮಣ್ಣಿನ ಗೋಡೆಯೇ ಇರುತ್ತದೆ. ಅಂತಹ ಗೋಡೆಯ ಮೇಲೆ ರಭಸದ ನೀರು ಬಿಟ್ಟಲ್ಲಿ ಹೋಗುವುದು ಬಣ್ಣ ಮಾತ್ರವಲ್ಲ. ಗೋಡೆಯ ಬಲವೂ ಹೋಗುತ್ತದೆ. ಆದ್ದರಿಂದ ಯಂತ್ರವನ್ನು ಬಾಡಿಗೆಗೆ ತರುವ ಮುನ್ನ ಮನೆಯ ಮಾಲೀಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಗೋಡೆ ಯಾವುದರಿಂದ ಕಟ್ಟಿದ್ದೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು

ಮೊದಲು ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದು, 2017ರಲ್ಲಿ ರಾಜ್ಯದ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪೈಕಿ ಒಂದಾದ ರಟ್ಟೀಹಳ್ಳಿಯು ಕುಮುದ್ವತಿ ನದಿಯ ದಂಡೆಯ ಊರು. ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಈ ಪ್ರದೇಶದಲ್ಲಿ ಮನೆಗಳ ರಚನೆಯು ಒಂದೇ ಬಗೆಯದಲ್ಲ. ಮಣ್ಣಿನ ಗೋಡೆಯ ಮೇಲೆ ಹಂಚು ಹೊದಿಸಿದ ಹಳೆಯ ಮನೆಗಳು, ಕಲ್ಲು ಮತ್ತು ಮಣ್ಣಿನ ಗಾರೆಯ ಮನೆಗಳು, ಸುಟ್ಟ ಇಟ್ಟಿಗೆಯ ಮನೆಗಳು, ಸಿಮೆಂಟ್ ಬ್ಲಾಕ್ ಮತ್ತು ಆರ್.ಸಿ.ಸಿ. ಚಾವಣಿಯ ಹೊಸ ಮನೆಗಳು ಒಂದೇ ಓಣಿಯಲ್ಲಿ ಕಂಡುಬರುತ್ತವೆ. ಇದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದ ಅಂಶವೆಂದರೆ, ಒಂದೇ ಮನೆಯಲ್ಲಿ ಈ ಎಲ್ಲವೂ ಕೂಡಿರುವ ಸಂದರ್ಭಗಳಿವೆ. ಬೀದಿಯ ಕಡೆಯ ಗೋಡೆಯನ್ನು ಇಟ್ಟಿಗೆಯಿಂದ ಹೊಸದಾಗಿ ಕಟ್ಟಿ, ಪಕ್ಕದ ಮತ್ತು ಹಿತ್ತಲ ಕಡೆಯ ಗೋಡೆಗಳನ್ನು ಮೊದಲಿನಂತೆ ಮಣ್ಣಿನದಾಗಿಯೇ ಉಳಿಸಿ, ಎಲ್ಲಕ್ಕೂ ಮೇಲಿನಿಂದ ಸಿಮೆಂಟ್ ಗಿಲಾವು ಮಾಡಿಸಿರುವುದುಂಟು. ಮನೆ ಕಟ್ಟಿಸಿದ ಹಿರಿಯರು ಇಲ್ಲವಾದ ನಂತರ ಈ ವಿವರವು ಮಕ್ಕಳಿಗೆ ತಿಳಿದಿರುವುದಿಲ್ಲ. ಬಣ್ಣ ಹಚ್ಚಲು ಬಂದವರಿಗಂತೂ ತಿಳಿಯುವ ಸಂಭವವೇ ಇಲ್ಲ.

ಮಣ್ಣಿನ ಗೋಡೆಗೂ ಸಿಮೆಂಟ್ ಗಿಲಾವಿಗೂ ಸ್ವಭಾವತಃ ಹೊಂದಾಣಿಕೆ ಕಡಿಮೆ. ಮಣ್ಣು ತೇವವನ್ನು ಹೀರಿ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಸಿಮೆಂಟ್ ಗಿಲಾವು ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ವರ್ಷಗಳು ಕಳೆದಂತೆ ಇವೆರಡರ ನಡುವೆ ಸಣ್ಣ ಅಂತರ ಉಂಟಾಗಿ, ಗಿಲಾವು ಒಂದು ತೆಳುವಾದ ಚಿಪ್ಪಿನಂತೆ ನಿಂತಿರುತ್ತದೆ. ಒತ್ತಡದ ನೀರು ಕೂದಲೆಳೆಯಷ್ಟು ಬಿರುಕಿನಿಂದ ಒಳಹೊಕ್ಕು ಈ ಅಂತರದಲ್ಲಿ ಸಂಗ್ರಹವಾದಲ್ಲಿ, ಗಿಲಾವಿನ ಕಾರಣದಿಂದಲೇ ಅದು ಹೊರಗೆ ಆರಿಹೋಗಲಾರದೆ ಮಣ್ಣನ್ನು ಒಳಗಿನಿಂದ ಮೆತ್ತಗಾಗಿಸುತ್ತದೆ. ಹೊರಗೆ ಏನೂ ಆಗಿಲ್ಲವೆಂದು ಕಾಣುತ್ತಿರುವಾಗಲೇ ಗೋಡೆಯ ಬುಡ ಸಡಿಲಗೊಂಡಿರಬಹುದು.

ತೇವಗೊಂಡ ಮಣ್ಣಿನ ಗೋಡೆಯ ಅಪಾಯವನ್ನು ಈ ಜಿಲ್ಲೆಯ ಜನರಿಗೆ ಬೇರೆಯವರು ತಿಳಿಸಬೇಕಾದ ಅಗತ್ಯವಿಲ್ಲ. 2019ರ ಆಗಸ್ಟ್ ತಿಂಗಳ ಅತಿವೃಷ್ಟಿ ಮತ್ತು ಪ್ರವಾಹದಲ್ಲಿ ಹಾವೇರಿ ಜಿಲ್ಲೆಯ ಅನೇಕ ಕುಟುಂಬಗಳು ಮನೆಗಳನ್ನು ಕಳೆದುಕೊಂಡವು. ನದಿಯ ನೀರು ನುಗ್ಗದ ಊರುಗಳಲ್ಲಿಯೂ, ದಿನಗಟ್ಟಲೆ ಸುರಿದ ಮಳೆಗೆ ನೆನೆದ ಗೋಡೆಗಳು ಕುಸಿದವು. ಮಳೆ ನಿಂತು ಬಿಸಿಲು ಬಿದ್ದ ನಂತರವೂ ನೆನೆದ ಮಣ್ಣಿನ ಗೋಡೆ ಬೀಳಬಹುದೆಂಬುದು ಹಿರಿಯರಿಗೆ ಗೊತ್ತಿರುವ ಸಂಗತಿ. ಮಳೆಯಿಂದ ಉಳಿದುಕೊಂಡ ಗೋಡೆಯನ್ನು ನಾವೇ ಹಣ ಕೊಟ್ಟು ತೋಯಿಸುವುದು ವಿವೇಕವಲ್ಲ.

ಗೋಡೆಯ ಬಗೆಯನ್ನು ತಿಳಿಯಲು ದುಬಾರಿ ಉಪಕರಣಗಳು ಬೇಕಾಗಿಲ್ಲ. ಗಿಲಾವು ಮಾಡದೆ ಬಿಟ್ಟಿರುವ ಭಾಗವನ್ನು, ಅಂದರೆ ಅಟ್ಟದ ಮೇಲಿನ ಗೋಡೆ, ಹಂಚಿನ ಕೆಳಗಿನ ತ್ರಿಕೋನಾಕಾರದ ಭಾಗ ಅಥವಾ ದನದ ಕೊಟ್ಟಿಗೆಯ ಒಳಮೈಯನ್ನು ನೋಡಿದಲ್ಲಿ ಬಹುತೇಕ ತಿಳಿಯುತ್ತದೆ. ಬಾಗಿಲು ಕಿಟಕಿಗಳ ಬಳಿ ಗೋಡೆಯ ದಪ್ಪವನ್ನು ಅಳೆದು ನೋಡಬಹುದು. ಒಂದೂವರೆ ಅಡಿ ಅಥವಾ ಅದಕ್ಕೂ ಹೆಚ್ಚು ದಪ್ಪವಿದ್ದಲ್ಲಿ ಅದು ಮಣ್ಣಿನದೋ ಕಲ್ಲು ಮಣ್ಣಿನದೋ ಆಗಿರುವ ಸಾಧ್ಯತೆ ಹೆಚ್ಚು. ಸಂದೇಹವಿದ್ದಲ್ಲಿ ಮರೆಯಲ್ಲಿರುವ ಒಂದು ಜಾಗದಲ್ಲಿ ಮೊಳೆಯಿಂದ ಗಿಲಾವನ್ನು ಸ್ವಲ್ಪ ಕೆದಕಿ, ಒಳಗಿನಿಂದ ಬಂದ ಪುಡಿಯನ್ನು ಅಂಗೈಯಲ್ಲಿಟ್ಟು ನಾಲ್ಕು ಹನಿ ನೀರು ಹಾಕಿ ತಿಕ್ಕಬೇಕು. ಅದು ಕೆಸರಾಗಿ ಬೆರಳಿಗೆ ಅಂಟಿದಲ್ಲಿ ಮಣ್ಣು. ಮರಳಿನಂತೆ ಅಥವಾ ಇಟ್ಟಿಗೆಯ ಚೂರಿನಂತೆ ಉಳಿದಲ್ಲಿ ಅಲ್ಲ. ಇದಲ್ಲದೆ ಗೋಡೆಯುದ್ದಕ್ಕೂ ಒಂದು ನಾಣ್ಯದಿಂದ ತಟ್ಟುತ್ತಾ ಹೋಗತಕ್ಕದ್ದು. ಗಟ್ಟಿಯಾಗಿ ಅಂಟಿಕೊಂಡ ಗಿಲಾವು ಕಲ್ಲಿನಂತೆ ಸದ್ದು ಮಾಡುತ್ತದೆ. ಬಿಟ್ಟುಕೊಂಡ ಗಿಲಾವು ಡೊಳ್ಳಿನಂತೆ ಟೊಳ್ಳು ಸದ್ದು ಮಾಡುತ್ತದೆ. ಟೊಳ್ಳು ಸದ್ದಿನ ಜಾಗಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿಡಬೇಕು.

ಈ ಲೇಖನವನ್ನು ಸಿದ್ಧಪಡಿಸಿದವರ ಸಂಬಂಧಿಕರೊಬ್ಬರ ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳುವುದು ಅನುಚಿತವಾಗಲಾರದು. ಮಗಳ ಮದುವೆಗೆ ಮನೆ ಚೆಂದಗಾಣಿಸಲು ಬಾಡಿಗೆಯ ಯಂತ್ರ ತರಿಸಿ, ಮುಂಭಾಗದ ಗೋಡೆಯನ್ನು ಒಂದು ಗಂಟೆಯಲ್ಲಿ ತೊಳೆಯಲಾಯಿತು. ಅದು ಇಟ್ಟಿಗೆಯ ಗೋಡೆಯಾಗಿದ್ದರಿಂದ ಏನೂ ತೊಂದರೆಯಾಗಲಿಲ್ಲ. ಅದೇ ಉತ್ಸಾಹದಲ್ಲಿ ಹಿತ್ತಲ ಗೋಡೆಗೆ ತಿರುಗಿದಾಗ ಹಾಸಿಗೆಯಷ್ಟು ಅಗಲದ ಗಿಲಾವು ಒಮ್ಮೆಲೇ ಕಳಚಿ ಬಿದ್ದು, ಒಳಗಿನ ಹಸಿ ಇಟ್ಟಿಗೆಯು ಕೆಸರಾಗಿ ಹರಿಯತೊಡಗಿತು. ಯಾರಿಗೂ ಗಾಯವಾಗಲಿಲ್ಲವೆಂಬುದೇ ಸಮಾಧಾನ. ಬಣ್ಣಕ್ಕೆಂದು ತೆಗೆದಿರಿಸಿದ ಹಣವೆಲ್ಲ ಗೋಡೆಯ ದುರಸ್ತಿಗೆ ಹೋಯಿತು. ನಾಣ್ಯದಿಂದ ತಟ್ಟಿ ನೋಡಲು ಹತ್ತು ನಿಮಿಷಗಳೂ ಬೇಕಾಗಿರಲಿಲ್ಲ.

ಮಣ್ಣಿನ ಗೋಡೆ, ಕಲ್ಲು ಮಣ್ಣಿನ ಗೋಡೆ ಮತ್ತು ಟೊಳ್ಳಾದ ಗಿಲಾವು

ಇಂತಹ ಗೋಡೆಗಳಿಗೆ ಒತ್ತಡದ ನೀರನ್ನು ಯಾವ ಕಾರಣಕ್ಕೂ ಬಳಸಬಾರದು. ಯಂತ್ರದ ಒತ್ತಡವನ್ನು ಕಡಿಮೆ ಮಾಡಿಕೊಂಡರೆ ಸಾಕಲ್ಲವೇ ಎಂದು ಕೆಲವರು ಕೇಳುವುದುಂಟು. ಸಾಲದು, ಇಲ್ಲಿ ಒತ್ತಡದಷ್ಟೇ ನೀರಿನ ಪ್ರಮಾಣವೂ ಹಾನಿಕರ. ಒಣ ಪೊರಕೆ ಹಾಗೂ ಮೆತ್ತನೆಯ ಬ್ರಷ್‌ನಿಂದ ಧೂಳು, ಜೇಡರ ಬಲೆ ಮತ್ತು ಸಡಿಲವಾದ ಸುಣ್ಣದ ಪದರವನ್ನು ಉದುರಿಸಿ, ಅಗತ್ಯವಿದ್ದಲ್ಲಿ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕಾಗುತ್ತದೆ.

ಗಿಲಾವು ಇಲ್ಲದ ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಬಣ್ಣ ಅಥವಾ ಎಮಲ್ಷನ್‌ಗಿಂತ ಸುಣ್ಣವೇ ಸೂಕ್ತವಾದುದು. ಸುಣ್ಣದ ಪದರವು ಗೋಡೆಯೊಳಗಿನ ತೇವವನ್ನು ಹೊರಗೆ ಆರಿಹೋಗಲು ಬಿಡುತ್ತದೆ. ಬಣ್ಣದ ಬಿಗಿಯಾದ ಪದರವು ತೇವವನ್ನು ತಡೆಹಿಡಿದು, ಕೊನೆಗೆ ತಾನೂ ಹಪ್ಪಳದಂತೆ ಉಬ್ಬಿ ಕಳಚಿಕೊಳ್ಳುತ್ತದೆ. ಸುಣ್ಣವನ್ನು ಹಿಂದಿನ ದಿನವೇ ನೀರಿನಲ್ಲಿ ಅರಳಿಸಿ, ಒಂದು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಿ, ತೆಳುವಾಗಿ ಎರಡು ಮೂರು ಸಲ ಬಳಿಯುವ ಪದ್ಧತಿಯು ಹಳತೆಂಬ ಕಾರಣಕ್ಕೆ ಬಿಡತಕ್ಕದ್ದಲ್ಲ. ಸುಣ್ಣ ಅರಳುವಾಗ ನೀರು ಕುದಿಯುವುದರಿಂದ ಮಕ್ಕಳನ್ನು ದೂರವಿರಿಸಬೇಕು; ಕಣ್ಣಿಗೆ ಸಿಡಿದಲ್ಲಿ ಧಾರಾಳವಾಗಿ ನೀರಿನಿಂದ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು.

ಟೊಳ್ಳಾದ ಗಿಲಾವನ್ನು ತೆಗೆದು ಹೊಸದಾಗಿ ಗಿಲಾವು ಮಾಡಿಸದೆ ಬಣ್ಣ ಹಚ್ಚಿಸುವುದು ವ್ಯರ್ಥ. ಹೊಸ ಸಿಮೆಂಟ್ ಗಿಲಾವಿಗೆ ಕನಿಷ್ಠ 7 ದಿನ ನೀರುಣಿಸಿ, ನಂತರ ಸುಮಾರು 28 ದಿನಗಳವರೆಗೆ ಆರಲು ಬಿಟ್ಟು ಬಣ್ಣ ಹಚ್ಚಬೇಕೆಂಬುದು ಸಾಮಾನ್ಯ ನಿಯಮ. ಹಸಿ ಸಿಮೆಂಟಿನ ಕ್ಷಾರವು ಬಣ್ಣವನ್ನು ಸುಟ್ಟಂತೆ ಮಾಸಿಸುತ್ತದೆ.

ರಟ್ಟೀಹಳ್ಳಿಯ ಕದಂಬೇಶ್ವರ ದೇವಾಲಯದಂತಹ ಪುರಾತನ ಶಿಲಾ ಕಟ್ಟಡಗಳಿಗೆ ಈ ಮಾಹಿತಿ ಅನ್ವಯಿಸುವುದಿಲ್ಲ. ಸೇವೆಯ ಭಾವನೆಯಿಂದಲೂ ಅಂತಹ ಕಡೆ ಯಂತ್ರದ ನೀರು, ಆ್ಯಸಿಡ್ ಅಥವಾ ಬಣ್ಣವನ್ನು ಬಳಸಬಾರದೆಂದು ಕೋರಲಾಗಿದೆ. ಅದು ಪುರಾತತ್ವ ತಜ್ಞರು ಮಾಡಬೇಕಾದ ಕೆಲಸ.

ತೊಳೆಯುವುದಕ್ಕೆ ತಕ್ಕ ಕಾಲ

ಗೋಡೆ ಗಟ್ಟಿಮುಟ್ಟಾಗಿದ್ದರೂ ಕಾಲ ತಪ್ಪಿದರೆ ಕೆಲಸ ಕೆಡುತ್ತದೆ. ಈ ಭಾಗದಲ್ಲಿ ಹೆಚ್ಚಿನವರು ದಸರೆಗೂ ದೀಪಾವಳಿಗೂ ನಡುವೆ ಬಣ್ಣದ ಕೆಲಸ ಹಿಡಿಯುತ್ತಾರೆ. ಆದರೆ ಅದೇ ಅವಧಿಯಲ್ಲಿ ಚಿತ್ತಿ ಮತ್ತು ಸ್ವಾತಿ ಮಳೆಗಳು ಬರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಡಿದ ನೀರು ಗೋಡೆಯೊಳಗೆ ಇನ್ನೂ ಉಳಿದಿರುತ್ತದೆ. ಆ ಗೋಡೆಯನ್ನು ಮತ್ತೆ ತೊಳೆದು, ಹಬ್ಬ ಸಮೀಪಿಸಿತೆಂದು ಎರಡನೆಯ ದಿನವೇ ಬಣ್ಣ ಹಚ್ಚಿದಲ್ಲಿ, ಮರುವರ್ಷದ ಮಳೆಗಾಲಕ್ಕೆ ಮುನ್ನವೇ ಬಣ್ಣ ಏಳುವುದರಲ್ಲಿ ಆಶ್ಚರ್ಯವಿಲ್ಲ. ದೂರು ಮಾತ್ರ ಬಣ್ಣದ ಡಬ್ಬಿಯ ಮೇಲೆ ಬರುತ್ತದೆ.

ಈ ತಿಂಗಳುಗಳಲ್ಲಿ ಇನ್ನೊಂದು ತೊಡಕೂ ಇದೆ. ಗೋವಿನಜೋಳದ ಒಕ್ಕಣೆ ಆರಂಭವಾಗಿ, ರಸ್ತೆಯ ಬದಿಯಲ್ಲಿ ಕಾಳು ಹರಡುವುದರಿಂದಲೂ ಯಂತ್ರಗಳು ಓಡುವುದರಿಂದಲೂ ನವಿರಾದ ಹೊಟ್ಟು ಗಾಳಿಯಲ್ಲಿ ಹಾರುತ್ತಿರುತ್ತದೆ. ಒದ್ದೆ ಗೋಡೆಗೆ ಅದು ಅಂಟಿಕೊಂಡು ಒಣಗಿದಲ್ಲಿ ಬಣ್ಣದ ಕೆಳಗೆ ಒಂದು ಧೂಳಿನ ಪದರವೇ ಉಳಿಯುತ್ತದೆ.

ಆದ್ದರಿಂದ ಸಾಧ್ಯವಿರುವವರು ಹೊರಗೋಡೆಯ ಕೆಲಸವನ್ನು ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆಯಲ್ಲಿ, ಅಂದರೆ ಯುಗಾದಿಗೆ ಮುಂಚೆ ಮುಗಿಸಿಕೊಳ್ಳುವುದು ಉತ್ತಮ. ದೀಪಾವಳಿಗೇ ಆಗಬೇಕೆನ್ನುವವರು ಹಬ್ಬಕ್ಕೆ ಒಳಗೋಡೆ ಮತ್ತು ಮುಂಬಾಗಿಲ ಸುತ್ತಲಿನ ಭಾಗವನ್ನು ಮಾಡಿಸಿ, ಉಳಿದ ಹೊರಗೋಡೆಯನ್ನು ನಂತರಕ್ಕೆ ಇಟ್ಟುಕೊಳ್ಳಬಹುದು. ಹಬ್ಬದ ಮನೆಗೆ ಬಣ್ಣವಿಲ್ಲದಿರುವುದು ಕೊರತೆ ಎನಿಸುವುದು ಸಹಜ. ಆದರೂ ಎರಡು ಸಲ ಹಣ ಕೊಡುವುದಕ್ಕಿಂತ ಎರಡು ತಿಂಗಳು ಕಾಯುವುದು ಲೇಸು.

ವಿದ್ಯುತ್ತಿನ ಬಗ್ಗೆ ಎಚ್ಚರಿಕೆ

ಈ ಕೆಲಸದಲ್ಲಿ ಜೀವಹಾನಿಯ ಸಂಭವವಿರುವುದು ಮುಖ್ಯವಾಗಿ ವಿದ್ಯುತ್ತಿನಿಂದ. ಸಾಮಾನ್ಯವಾಗಿ ಮೀಟರ್ ಪೆಟ್ಟಿಗೆ, ಹೊರಗಿನ ದೀಪ, ಕರೆಗಂಟೆಯ ಗುಂಡಿ, ಬೋರ್‌ವೆಲ್ ಸ್ಟಾರ್ಟರ್ ಇವೆಲ್ಲವೂ ಹೊರಗೋಡೆಯ ಮೇಲೆಯೇ ಇರುತ್ತವೆ. ಕಂಬದಿಂದ ಬರುವ ಸರ್ವಿಸ್ ವೈರು ಚಾವಣಿಯ ಅಂಚಿಗೆ ತಾಗಿಕೊಂಡೇ ಬರುತ್ತದೆ. ಮನೆಯ ಮೇನ್ ಸ್ವಿಚ್ ಆರಿಸಿದರೆ ಎಲ್ಲವೂ ಸುರಕ್ಷಿತವೆಂದು ಭಾವಿಸುವುದು ತಪ್ಪು. ಮೇನ್ ಸ್ವಿಚ್ ಆರಿಸಿದಾಗ ಮನೆಯೊಳಗಿನ ವೈರಿಂಗ್‌ಗೆ ಮಾತ್ರ ವಿದ್ಯುತ್ ನಿಲ್ಲುತ್ತದೆ. ಕಂಬದಿಂದ ಮೀಟರಿನವರೆಗಿನ ವೈರಿನಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಹಳೆಯ ವೈರಿನ ಹೊದಿಕೆ ಬಿಸಿಲಿಗೆ ಒಡೆದಿದ್ದು ಅದಕ್ಕೆ ನೀರಿನ ಧಾರೆ ತಗುಲಿದಲ್ಲಿ ಕೈಯಲ್ಲಿ ಪೈಪು ಹಿಡಿದವರಿಗೆ ಆಘಾತವಾಗಬಹುದು.

ಮೀಟರ್ ಮತ್ತು ಸರ್ವಿಸ್ ವೈರಿನ ಸುತ್ತಲಿನ ಭಾಗವನ್ನು ಯಂತ್ರದಿಂದ ತೊಳೆಯಲೇಬಾರದು; ಒಣ ಬ್ರಷ್‌ನಿಂದ ಮಾತ್ರ, ವೈರಿಗೆ ತಾಗದಂತೆ ಸ್ವಚ್ಛಗೊಳಿಸಬೇಕು. ವೈರು ಹರಿದಿದ್ದಲ್ಲಿ ಅಥವಾ ಗೋಡೆಯ ಪೂರ್ಣ ಕೆಲಸಕ್ಕೆ ಅದು ಅಡ್ಡಿಯಾಗುವಂತಿದ್ದಲ್ಲಿ ಹೆಸ್ಕಾಂನ ಸ್ಥಳೀಯ ಶಾಖೆಗೆ ಅರ್ಜಿ ನೀಡಿ, ಅಥವಾ 1912 ಸಹಾಯವಾಣಿಗೆ ಕರೆ ಮಾಡಿ, ಅವರ ಸಿಬ್ಬಂದಿಯಿಂದಲೇ ಸಂಪರ್ಕ ಕಡಿತಗೊಳಿಸಿಕೊಳ್ಳತಕ್ಕದ್ದು. ಪರಿಚಯದವರನ್ನು ಕಂಬ ಹತ್ತಿಸುವುದು ಸಲ್ಲದು. ಯಂತ್ರಕ್ಕೆ ಭೂಸಂಪರ್ಕವಿರುವ ಮೂರು ಪಿನ್ನಿನ ಸಾಕೆಟ್‌ನಿಂದ, ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಅಳವಡಿಸಿದ ಮಾರ್ಗದಿಂದಲೇ ವಿದ್ಯುತ್ ಪಡೆಯಬೇಕು. ಜೋಡಣೆಯ ವೈರಿನ ತುದಿಗಳು ನೆಲದ ನೀರಿನಲ್ಲಿ ಬಿದ್ದಿರಬಾರದು. ಅಲ್ಯೂಮಿನಿಯಂ ಏಣಿಯನ್ನು ವೈರುಗಳಿರುವ ಕಡೆ ತರಬಾರದು; ಏಣಿಯ ಮೇಲೆ ನಿಂತು ಯಂತ್ರ ನಡೆಸಲೂ ಬಾರದು, ಏಕೆಂದರೆ ನೀರು ಚಿಮ್ಮುವ ರಭಸಕ್ಕೆ ನಳಿಗೆಯು ಹಿಂದಕ್ಕೆ ಒದೆಯುತ್ತದೆ.

ಯಂತ್ರ, ಒತ್ತಡ ಮತ್ತು ನೀರು

ಮನೆಬಳಕೆಯ ಸಣ್ಣ ವಿದ್ಯುತ್ ಯಂತ್ರಗಳ ಮೇಲೆ ಸಾಮಾನ್ಯವಾಗಿ 100ರಿಂದ 130 ಬಾರ್ ಒತ್ತಡವೆಂದು ನಮೂದಾಗಿರುತ್ತದೆ. ಲಾರಿಯ ಚಕ್ರದಲ್ಲಿರುವ ಗಾಳಿಯ ಒತ್ತಡವು ಸುಮಾರು 8 ಬಾರ್ ಎಂಬುದನ್ನು ನೆನೆದರೆ ಇದರ ಶಕ್ತಿ ಅರ್ಥವಾಗುತ್ತದೆ. ಇದನ್ನು ಆಟದ ವಸ್ತುವಿನಂತೆ ಮಕ್ಕಳ ಕೈಗೆ ಕೊಡುವುದು ಅಥವಾ ಕಾಲಿನ ಕೆಸರು ತೊಳೆಯಲು ಬಳಸುವುದು ಅಪಾಯಕರ. ಚರ್ಮವನ್ನು ಭೇದಿಸಿ ಒಳಹೊಕ್ಕ ನೀರು ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಬಿಟ್ಟು, ಒಳಗೆ ಮಾಂಸವನ್ನು ಕೊಳೆಸಬಲ್ಲದು. ಅಂತಹ ಗಾಯವನ್ನು ಸಣ್ಣದೆಂದು ಭಾವಿಸದೆ ಕೂಡಲೇ ಆಸ್ಪತ್ರೆಗೆ ತೋರಿಸತಕ್ಕದ್ದು.

ಯಂತ್ರದ ಜೊತೆ ಬರುವ ನಳಿಕೆಗಳು ಅನೇಕ ಮಾದರಿಗಳಲ್ಲಿ ಬಣ್ಣದಿಂದ ಗುರುತಿಸಲ್ಪಟ್ಟಿರುತ್ತವೆ. ಕೆಂಪು ನಳಿಕೆಯಿಂದ ನೀರು ಒಂದೇ ಗೆರೆಯಾಗಿ ಚಿಮ್ಮುತ್ತದೆ. ಇದು ಗಿಲಾವನ್ನು ಉಳಿಯಂತೆ ಕೊರೆಯುವುದರಿಂದ ಮನೆಯ ಗೋಡೆಗೆ ಬಳಸಬಾರದು. ಹಸಿರು ನಳಿಕೆಯಿಂದ 25 ಡಿಗ್ರಿ, ಬಿಳಿಯದರಿಂದ 40 ಡಿಗ್ರಿ ಅಗಲಕ್ಕೆ ಬೀಸಣಿಗೆಯಂತೆ ನೀರು ಹರಡುತ್ತದೆ. ಗೋಡೆಗೆ ಇವೇ ತಕ್ಕವು. ಮೊದಲು ಮೂರು ಅಡಿ ದೂರದಿಂದ, ಮರೆಯಾದ ಜಾಗದಲ್ಲಿ ಪ್ರಯೋಗಿಸಿ ನೋಡಿ, ಕೊಳೆ ಹೋಗದಿದ್ದಲ್ಲಿ ಮಾತ್ರ ಸ್ವಲ್ಪ ಸ್ವಲ್ಪವೇ ಹತ್ತಿರ ತರಬೇಕು. ಒಂದು ಅಡಿಗಿಂತ ಸಮೀಪ ಒಯ್ಯಬಾರದು. ಗಿಲಾವಿನಿಂದ ಮರಳಿನ ಕಣಗಳು ಬರತೊಡಗಿದರೆ ಒತ್ತಡ ಹೆಚ್ಚಾಯಿತೆಂದೇ ತಿಳಿಯತಕ್ಕದ್ದು. ಸಾಬೂನು ನೀರನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿದರೆ ಇಳಿಗೆರೆಗಳು ಬೀಳುವುದಿಲ್ಲ. ತೊಳೆಯುವಾಗ ಮಾತ್ರ ಮೇಲಿನಿಂದ ಕೆಳಕ್ಕೆ ಬರಬೇಕು. ಧಾರೆಯನ್ನು ಎಂದಿಗೂ ಕೆಳಗಿನಿಂದ ಹಂಚಿನ ಸೂರಿನ ಒಳಕ್ಕೆ ಹೊಡೆಯಬಾರದು. ಹಂಚನ್ನು ಜೋಡಿಸಿರುವುದು ಮೇಲಿನಿಂದ ಬರುವ ಮಳೆಯನ್ನು ತಡೆಯಲು. ಕೆಳಗಿನಿಂದ ಬರುವ ನೀರಿಗೆ ಅಲ್ಲಿ ತಡೆಯಿಲ್ಲ. ಬಿರುಕುಗಳು, ಕಿಟಕಿಯ ಸಂದುಗಳು, ಗಾಳಿಕಿಂಡಿಗಳಿಗೂ ನೇರವಾಗಿ ಹೊಡೆಯಬಾರದು.

ಯಂತ್ರ ಸಿಗದಿದ್ದಾಗ ಬೆಳೆಗೆ ಔಷಧಿ ಸಿಂಪಡಿಸುವ ಪವರ್ ಸ್ಪ್ರೇಯರ್‌ಗಳನ್ನು ಬಳಸುವುದು ರೈತ ಕುಟುಂಬಗಳಲ್ಲಿ ಸಹಜ. ಅವುಗಳ ಒತ್ತಡ ಕಡಿಮೆಯಿದ್ದು ಗೋಡೆಗೆ ಹಾನಿ ಕಡಿಮೆಯೆಂಬುದು ನಿಜ. ಆದರೆ ಟ್ಯಾಂಕು ಮತ್ತು ಪೈಪುಗಳಲ್ಲಿ ಕೀಟನಾಶಕ, ಕಳೆನಾಶಕಗಳ ಅಂಶ ಉಳಿದಿರುತ್ತದೆ. ಮಕ್ಕಳು ಒರಗುವ ಗೋಡೆ, ಕುಡಿಯುವ ನೀರಿನ ತೊಟ್ಟಿ, ದನಕರುಗಳು ನೆಕ್ಕುವ ಕಟ್ಟೆ ಇವುಗಳ ಮೇಲೆ ಅದು ಬೀಳುವುದು ಸರಿಯಲ್ಲ. ಒಂದೆರಡು ಸಲ ನೀರು ಹಾಯಿಸಿದ ಮಾತ್ರಕ್ಕೆ ಅದು ಹೋಯಿತೆಂದು ಹೇಳಲಾಗದ ಕಾರಣ, ಸಿಂಪರಣೆಗೆ ಬಳಸಿದ ಪಂಪನ್ನು ಮನೆಗೆ ಬಳಸದಿರುವಂತೆ ಸಲಹೆ ಮಾಡಲಾಗಿದೆ.

ನೀರಿನ ಲೆಕ್ಕ ಹೀಗಿದೆ. ಸಣ್ಣ ಯಂತ್ರವು ನಿಮಿಷಕ್ಕೆ ಸುಮಾರು 6 ಲೀಟರ್ ನೀರು ಬಳಸುತ್ತದೆಂದು ಇಟ್ಟುಕೊಂಡರೆ, ಮೂರು ಗಂಟೆಗೆ 1,080 ಲೀಟರ್ ಆಗುತ್ತದೆ. ನಿಮಿಷಕ್ಕೆ 15 ಲೀಟರ್ ಬರುವ ತೆರೆದ ಪೈಪಿನಿಂದ ಅಷ್ಟೇ ಹೊತ್ತು ತೊಳೆದಲ್ಲಿ 2,700 ಲೀಟರ್ ಖರ್ಚಾಗುತ್ತದೆ. ಉಳಿತಾಯವಿದೆಯಾದರೂ 1,080 ಲೀಟರ್ ಕಡಿಮೆಯೇನಲ್ಲ. ನಲ್ಲಿಯ ಕುಡಿಯುವ ನೀರನ್ನು ಇದಕ್ಕೆ ಬಳಸಬಾರದು. ಬಾವಿಯ ಅಥವಾ ಬೋರ್‌ವೆಲ್ಲಿನ ನೀರನ್ನು ಬಳಸುವವರು, ನೀರು ತೀರ ಗಡುಸಾಗಿದ್ದರೆ ಒಣಗಿದ ಮೇಲೆ ಗೋಡೆಯ ಮೇಲೆ ಬಿಳಿಯ ಕಲೆಗಳುಳಿಯುತ್ತವೆಂಬುದನ್ನು ಗಮನದಲ್ಲಿಟ್ಟು, ಅವನ್ನು ಒಣಬಟ್ಟೆಯಿಂದ ಒರೆಸಿ ತೆಗೆಯಬೇಕು.

ಪಾಚಿ, ಬೂಷ್ಟು ಮತ್ತು ಸವಳು

ಉತ್ತರ ದಿಕ್ಕಿನ ಗೋಡೆ, ಮರದ ನೆರಳಿನ ಗೋಡೆ ಮತ್ತು ತೊಟ್ಟಿಯ ಬಳಿಯ ಗೋಡೆಗಳಲ್ಲಿ ಮಳೆಗಾಲದ ನಂತರ ಪಾಚಿ ಅಥವಾ ಕಪ್ಪು ಬೂಷ್ಟು ಕಂಡುಬರುತ್ತದೆ. ನೀರಿನ ರಭಸಕ್ಕೆ ಇದು ಹೋದಂತೆ ಕಂಡರೂ ಅದರ ಬೇರು ಗಿಲಾವಿನ ರಂಧ್ರಗಳಲ್ಲಿ ಉಳಿದಿದ್ದು, ಹೊಸ ಬಣ್ಣವನ್ನು ಸೀಳಿ ಮತ್ತೆ ಬರುತ್ತದೆ. ಕಪ್ಪು ಕಲೆಯು ಬೂಷ್ಟೋ ಬರಿಯ ಕೊಳೆಯೋ ಎಂಬ ಸಂದೇಹವಿದ್ದಲ್ಲಿ ಅದರ ಮೇಲೆ ಬ್ಲೀಚ್ ದ್ರಾವಣದ ಒಂದು ಹನಿ ಹಾಕಿ ನೋಡಬಹುದು. ಒಂದೆರಡು ನಿಮಿಷಗಳಲ್ಲಿ ಬಣ್ಣ ತಿಳಿಯಾದರೆ ಅದು ಬೂಷ್ಟು.

ಇದಕ್ಕೆ ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯಾಗಲು ಬಿಟ್ಟು, ಮೇಲಿನ ತಿಳಿ ನೀರನ್ನು ಬ್ರಷ್‌ನಿಂದ ಹಚ್ಚಿ, ಕಾಲು ಗಂಟೆಯ ನಂತರ ತಿಕ್ಕಿ ತೊಳೆಯಬೇಕು. ಕೈಗವಸು ಮತ್ತು ಕನ್ನಡಕ ಧರಿಸಿರಬೇಕು. ತುಳಸಿ, ಹೂಗಿಡಗಳಿಗೆ ಹೊದಿಕೆ ಹಾಕಬೇಕು. ಬ್ಲೀಚಿಂಗ್ ಪೌಡರನ್ನು ಬಚ್ಚಲು ತೊಳೆಯುವ ಆ್ಯಸಿಡ್ ಜೊತೆಗಾಗಲಿ ಅಮೋನಿಯ ಇರುವ ದ್ರಾವಣದ ಜೊತೆಗಾಗಲಿ ಎಂದಿಗೂ ಕೂಡಿಸಬಾರದು. ಆ್ಯಸಿಡ್ ಕೂಡಿದಾಗ ಹೊರಡುವ ಕ್ಲೋರಿನ್ ಅನಿಲವು ಪ್ರಾಣಾಪಾಯಕಾರಿ. ಎರಡೂ ಸೇರಿದರೆ ಇನ್ನಷ್ಟು ಬೆಳ್ಳಗಾಗುತ್ತದೆಂಬ ತಪ್ಪು ತಿಳಿವಳಿಕೆ ಅಲ್ಲಲ್ಲಿ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ.

ಗೋಡೆಯ ಬುಡದಲ್ಲಿ ಬಿಳಿಯ ಹಿಟ್ಟಿನಂತೆ ಏಳುವ ಸವಳಿನ ಚಿಕಿತ್ಸೆ ಬೇರೆಯೇ. ಇದು ನೀರಿನೊಂದಿಗೆ ಮೇಲೇರಿ, ನೀರು ಆರಿದ ಮೇಲೆ ಉಳಿದ ಉಪ್ಪು. ಇದನ್ನು ತೊಳೆದಲ್ಲಿ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಆದ್ದರಿಂದ ಒಣ ಬ್ರಷ್‌ನಿಂದ ಉಜ್ಜಿ, ಉದುರಿದ್ದನ್ನು ಗುಡಿಸಿ ದೂರ ಹಾಕಬೇಕು. ಮೇಲಿಂದ ಮೇಲೆ ಸವಳು ಬರುತ್ತಿದ್ದಲ್ಲಿ ತಳಪಾಯದಿಂದ ತೇವ ಏರುತ್ತಿದೆಯೆಂದೋ, ಚರಂಡಿ ಅಥವಾ ಪೈಪು ಸೋರುತ್ತಿದೆಯೆಂದೋ ಅರ್ಥ. ಕಾರಣವನ್ನು ಸರಿಪಡಿಸದೆ ಎಷ್ಟು ಬೆಲೆಯ ಬಣ್ಣ ಹಚ್ಚಿದರೂ ನಿಲ್ಲುವುದಿಲ್ಲ.

ಹಳೆಯ ಎಣ್ಣೆಬಣ್ಣ

ಕಿಟಕಿ, ಬಾಗಿಲು ಮತ್ತು ಕಬ್ಬಿಣದ ಸರಳುಗಳ ಮೇಲಿನ ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ದಶಲಕ್ಷಕ್ಕೆ 90 ಭಾಗಗಳಿಗೆ ಮಿತಿಗೊಳಿಸುವ ಕೇಂದ್ರ ಸರ್ಕಾರದ 2016ರ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಗೆ ಬಂದಿವೆ. ಅದಕ್ಕೆ ಮುಂಚಿನ ಪದರಗಳು ಇನ್ನೂ ಅನೇಕ ಮನೆಗಳಲ್ಲಿ ಹಾಗೆಯೇ ಇವೆ. ಸೀಸವು ಚಿಕ್ಕ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಹಾನಿ ಮಾಡುತ್ತದೆ, ದನಕರುಗಳಿಗೂ ವಿಷ. ಇಂತಹ ಬಣ್ಣವನ್ನು ಯಂತ್ರದ ನೀರಿನಿಂದ ಹಾರಿಸಬಾರದು, ಒಣದಾಗಿ ಉಜ್ಜಲೂ ಬಾರದು. ತೇವ ಮಾಡಿದ ಮರಳು ಕಾಗದದಿಂದ ಉಜ್ಜಿ, ಕೆಳಗೆ ತಾಡಪತ್ರಿ ಹಾಸಿ, ಬಿದ್ದ ಚಕ್ಕೆಗಳನ್ನು ಒಟ್ಟುಗೂಡಿಸಿ, ಚೀಲದಲ್ಲಿ ಕಟ್ಟಿ, ಸ್ಥಳೀಯ ಸಂಸ್ಥೆಯ ಕಸದ ವಾಹನಕ್ಕೆ ಅಪಾಯಕಾರಿ ಕಸವೆಂದು ತಿಳಿಸಿ ಪ್ರತ್ಯೇಕವಾಗಿ ನೀಡಬೇಕು. ತಿಪ್ಪೆಗೆ ಹಾಕಬಾರದು, ಏಕೆಂದರೆ ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಗೋಡೆ ತೊಳೆದ ನೀರು ಸಹ ಬಾವಿಗಾಗಲಿ ಹಳ್ಳಕ್ಕಾಗಲಿ ಹರಿಯದಂತೆ ನೋಡಿಕೊಳ್ಳಬೇಕು.

ಒಣಗಿದೆಯೇ ಎಂದು ಪರೀಕ್ಷಿಸುವುದು

ತೊಳೆದ ಗೋಡೆಯ ಮೈ ಕೆಲವೇ ಗಂಟೆಗಳಲ್ಲಿ ಒಣಗಿದಂತೆ ಕಾಣುತ್ತದೆ, ಒಳಭಾಗ ಒಣಗಿರುವುದಿಲ್ಲ. ಒಳ್ಳೆಯ ಬಿಸಿಲಿನಲ್ಲಿ ಎರಡರಿಂದ ಮೂರು ದಿನ, ಮೋಡ ಅಥವಾ ಮಂಜಿನ ದಿನಗಳಲ್ಲಿ ಅದಕ್ಕಿಂತ ಹೆಚ್ಚು ಕಾಲ ಬಿಡಬೇಕು. ಪರೀಕ್ಷೆಗಾಗಿ ಒಂದೂವರೆ ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು, ಬೇಗ ಒಣಗದ ನೆರಳಿನ ಗೋಡೆಗೆ, ನಾಲ್ಕೂ ಅಂಚು ಬಿಗಿಯಾಗಿ ಟೇಪಿನಿಂದ ಅಂಟಿಸಿ, ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ, ಅಂದರೆ ಕನಿಷ್ಠ 16 ಗಂಟೆ ಬಿಡಬೇಕು. ಹಾಳೆಯ ಒಳಮೈಯಲ್ಲಿ ಬೆವರಿನಂತೆ ಹನಿಗಳು ಕಂಡರೆ ಅಥವಾ ಅಡಿಯ ಗೋಡೆ ಕಪ್ಪಾಗಿದ್ದರೆ ಇನ್ನೂ ಕಾಯಬೇಕು.

ಒಣಗಿದ ಮೇಲೆ ಅಂಗೈಯಿಂದ ಗೋಡೆಯನ್ನು ಸವರಿ ನೋಡತಕ್ಕದ್ದು. ಬಿಳಿಯ ಪುಡಿ ಕೈಗೆ ಹತ್ತಿದಲ್ಲಿ ಹಳೆಯ ಸುಣ್ಣ ಅಥವಾ ಬಣ್ಣ ಪೂರ್ತಿ ಹೋಗಿಲ್ಲವೆಂದು ತಿಳಿದು, ಕೆರೆದು ತೆಗೆಸಬೇಕು. ಸುಣ್ಣದ ಪುಡಿಯ ಮೇಲೆ ಎಮಲ್ಷನ್ ನಿಲ್ಲುವುದಿಲ್ಲ. ಬಿರುಕುಗಳನ್ನು ತುಂಬುವುದು, ಅದರ ನಂತರ ಪ್ರೈಮರ್ ಹಚ್ಚುವುದು ಈ ಹಂತದಲ್ಲಿ ಬರುತ್ತವೆ. ಪ್ರೈಮರ್ ಹಚ್ಚಲು ಒಂದೆರಡು ವಾರ ತಡವಾದಲ್ಲಿ ಧೂಳನ್ನು ಒಣ ಬ್ರಷ್‌ನಿಂದ ಮತ್ತೊಮ್ಮೆ ಉದುರಿಸಿದರೆ ಸಾಕು. ಪುನಃ ತೊಳೆಯುವ ಅಗತ್ಯವಿಲ್ಲ.

ಖರ್ಚು ಮತ್ತು ಕರಾರು

ಕೊನೆಯದಾಗಿ ಲೆಕ್ಕಪತ್ರದ ದೃಷ್ಟಿಯಿಂದ ಒಂದು ಮಾತು. 1,200 ಚದರ ಅಡಿಯ ಹೊರಗೋಡೆಗೆ, ಎರಡು ಕೋಟಿಂಗ್ ಸೇರಿ ಲೀಟರಿಗೆ 50ರಿಂದ 60 ಚದರ ಅಡಿ ಆಗುತ್ತದೆಂದು ಹಿಡಿದಲ್ಲಿ 20ರಿಂದ 24 ಲೀಟರ್ ಬಣ್ಣ ಬೇಕಾಗುತ್ತದೆ. ಬಣ್ಣ, ಕೂಲಿ, ಸಾರವೆ ಇವುಗಳ ಮೊತ್ತದ ಮುಂದೆ ಗೋಡೆ ಸಿದ್ಧಪಡಿಸುವ ಖರ್ಚು ಚಿಕ್ಕದು. ಆದರೂ ಚೌಕಾಸಿ ಮಾಡುವಾಗ ಮೊದಲು ಕಡಿತವಾಗುವುದು ಅದೇ, ಏಕೆಂದರೆ ಕೆಲಸ ಮುಗಿದ ದಿನ ಅದು ಕಣ್ಣಿಗೆ ಕಾಣುವುದಿಲ್ಲ. ಅಂದಾಜು ಪಟ್ಟಿಯಲ್ಲಿ ‘ಗೋಡೆ ಬಣ್ಣ, ಒಟ್ಟು ಇಷ್ಟು’ ಎಂದು ಒಂದೇ ಸಾಲು ಬರೆಸಿಕೊಳ್ಳದೆ, ಕೆರೆಯುವುದು, ತೊಳೆಯುವುದು, ಒಣಗಲು ಬಿಡುವ ದಿನಗಳು, ಬಿರುಕು ತುಂಬುವುದು, ಪ್ರೈಮರ್, ಬಣ್ಣ ಎಂದು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. ಗಿಲಾವು ಬಿದ್ದಲ್ಲಿ ದುರಸ್ತಿ ಯಾರ ಖರ್ಚಿನಲ್ಲಿ ಎಂಬುದೂ ಆ ಕಾಗದದಲ್ಲಿರಲಿ. ಕೆಲಸಗಾರರಿಗೆ ಒಣಗುವ ದಿನಗಳಲ್ಲಿ ಕೆಲಸವಿಲ್ಲದಂತಾಗುವುದರಿಂದ ಅವರು ಅವಸರಪಡುವುದು ಸಹಜ. ಆ ದಿನಗಳಲ್ಲಿ ಒಳಗಿನ ಕೆಲಸ ಇಟ್ಟುಕೊಟ್ಟರೆ ಇಬ್ಬರಿಗೂ ಅನುಕೂಲ.

ಬಣ್ಣ ಖರೀದಿಸುವಾಗ ತೆರಿಗೆ ಸಹಿತ ರಸೀದಿ ಪಡೆದು, ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಭರವಸೆ ಪತ್ರವಿರುವ ಬಣ್ಣಗಳಲ್ಲಿ, ಗೋಡೆಯನ್ನು ಸೂಚನೆಯಂತೆ ಸಿದ್ಧಪಡಿಸಿರಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಸೇವೆಯಲ್ಲಿ ಅಥವಾ ವಸ್ತುವಿನಲ್ಲಿ ಲೋಪ ಕಂಡುಬಂದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ರಸೀದಿ, ಕರಾರು ಪತ್ರ ಹಾಗೂ ತೊಳೆಯುವ ಮುನ್ನ ಮತ್ತು ನಂತರದ ಭಾವಚಿತ್ರಗಳೊಂದಿಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದಾಗಿದೆ. ಗೋಡೆಯಲ್ಲಿ ಅಗಲವಾದ ಬಿರುಕು, ವಾಲಿಕೆ ಅಥವಾ ಬುಡದಲ್ಲಿ ಕುಸಿತ ಕಂಡುಬಂದವರು ಬಣ್ಣದ ವಿಚಾರವನ್ನು ಬದಿಗಿಟ್ಟು, ಮೊದಲು ಅರ್ಹ ಅಭಿಯಂತರರಿಂದ ಗೋಡೆಯನ್ನು ಪರೀಕ್ಷೆ ಮಾಡಿಸತಕ್ಕದ್ದು. ಅಲ್ಲಿಯವರೆಗೆ ಆ ಗೋಡೆಯ ಪಕ್ಕದಲ್ಲಿ ಯಾರೂ ಮಲಗಬಾರದೆಂದು ತಿಳಿಸಲಾಗಿದೆ.